ಗೋಪ್ಯ ಅನ್ನೋ ಮೊಹರು ಮತ್ತು ಸರ್ಕಾರದ ಮುಜುಗರ

ಸರ್ಕಾರ ಯಾವ ಕಾಗದ ಮುಚ್ಚಿಡಬೇಕು, ಯಾವುದನ್ನ ಜನರಿಗೆ ತೋರಿಸಬೇಕು ಅನ್ನೋದನ್ನ ಯಾರು, ಹೇಗೆ ತೀರ್ಮಾನ ಮಾಡ್ತಾರೆ? ಬಹಳ ದಿನದಿಂದ ತಲೆ ಕೊರೀತಿದ್ದ ಪ್ರಶ್ನೆ ಇದು. ಹುಡುಕ್ತಾ ಹೋದಾಗ ಸಿಕ್ಕ ಮೊದಲ ಉತ್ತರಕ್ಕೇ ನಗು ಬಂತು. ಅದಕ್ಕೆ ಕೇಂದ್ರ ಗೃಹ ಸಚಿವಾಲಯದ್ದೊಂದು ಕೈಪಿಡಿ ಇದೆಯಂತೆ. ಯಾವ ಕಡತಕ್ಕೆ ಯಾವ ಮೊಹರು ಒತ್ತಬೇಕು ಅಂತ ಅದರಲ್ಲಿ ಬರೆದಿದೆಯಂತೆ. ಆದರೆ ಆ ಕೈಪಿಡಿಯೇ ಗೋಪ್ಯ! ನಮ್ಮಜ್ಜಿ ಬೀರುವಿನ ಬೀಗದ ಕೈಯನ್ನ ಅದೇ ಬೀರುವಿನೊಳಗಿಟ್ಟು ಬಾಗಿಲು ಹಾಕಿಕೊಂಡಿದ್ದು ನೆನಪಾಯ್ತು :-)

ಆ ಕೈಪಿಡಿಯಲ್ಲಿ ಏನಿದೆ ಅಂತ ನಮಗೆ ಅಷ್ಟಿಷ್ಟು ಗೊತ್ತಾಗಿರೋದು ಒಬ್ಬ ಕನ್ನಡಿಗರಿಂದ ಅನ್ನೋದು ಇನ್ನೊಂದು ಸ್ವಾರಸ್ಯ. ಮಾಜಿ ಮುಖ್ಯಮಂತ್ರಿ ವೀರಪ್ಪ ಮೊಯಿಲಿ ಎರಡನೇ ಆಡಳಿತ ಸುಧಾರಣಾ ಆಯೋಗದ ಅಧ್ಯಕ್ಷರಾಗಿದ್ದರಲ್ಲ, ಆ ಆಯೋಗದ ಮೊದಲ ವರದಿ ಬಂದದ್ದು ಜೂನ್ 2006ರಲ್ಲಿ, ಮಾಹಿತಿ ಹಕ್ಕಿನ ಬಗ್ಗೆಯೇ. (ಮೊಯಿಲಿಯವರು ಅಂದ ಕೂಡಲೇ ನಮಗೆಲ್ಲ ಅವರ ರಾಮಾಯಣ ಮಹಾನ್ವೇಷಣಂ ನೆನಪಾಗುತ್ತೆ, ತಮಾಷೆ ಮಾಡ್ತೀವಿ. ಈ ವರದಿಯನ್ನು ಮಾತ್ರ ಯಾರೂ ಓದಿದ ಹಾಗೆ ಕಾಣಲ್ಲ. ಓದಿ ನೋಡಿ, ಚೆನ್ನಾಗಿದೆ.) ಅದರ ಪ್ರಕಾರ ಕಾಗದಗಳಲ್ಲಿ ನಾಲ್ಕು ದರ್ಜೆ. ಟಾಪ್ ಸೀಕ್ರೆಟ್, ಸೀಕ್ರೆಟ್, ಕಾನ್ಫಿಡೆನ್ಷಿಯಲ್, ರಿಸ್ಟ್ರಿಕ್ಟೆಡ್. ಟಾಪ್ ಸೀಕ್ರೆಟ್ ಅಂದರೆ ಹೊರಬಿದ್ದರೆ ದೇಶದ ಭದ್ರತೆಗೆ ಅತಿ ಗಂಭೀರ ಹಾನಿಯಾಗುವಂಥದ್ದು. ಸರಿ, ಒಪ್ಪೋಣ. ಎರಡನೇ ದರ್ಜೆಗೆ ಬನ್ನಿ. ದೇಶದ ಭದ್ರತೆಗೆ ಗಂಭೀರ ಹಾನಿಯಾಗುವಂಥದ್ದು, ಅಥವಾ ಸರ್ಕಾರಕ್ಕೆ ತನ್ನ ಕೆಲಸದಲ್ಲಿ ಗಂಭೀರ ಮುಜುಗರ ತರುವಂಥದ್ದು! ಮೂರನೇ ದರ್ಜೆಯಲ್ಲೂ ಅದೇ ಮುಜುಗರ, ಗಂಭೀರ ಅನ್ನೋ ಪದ ಮಾತ್ರ ಇಲ್ಲ.

ಈ 'ಮುಜುಗರ' ಅನ್ನೋ ಪದದ ಮೇಲೇ ನನ್ನ ಕಣ್ಣು. ಗಡಿಯಲ್ಲಿ ಎಷ್ಟು ಸೈನಿಕರಿದ್ದಾರೆ ಅನ್ನೋದು ಹೊರಗೆ ಬಂದರೆ ಕಷ್ಟ ದೇಶಕ್ಕೆ. ಟೆಂಡರ್ ಯಾರ ಭಾವಮೈದುನನಿಗೆ ಹೋಯಿತು ಅನ್ನೋದು ಹೊರಗೆ ಬಂದರೆ ಕಷ್ಟ ಮಂತ್ರಿಗೆ. ಎರಡಕ್ಕೂ ಒಂದೇ ಮೊಹರು ಒತ್ತಬಹುದು ಅಂತ ನಿಯಮದಲ್ಲೇ ಬರೆದಿಟ್ಟರೆ, ಮೊಹರು ಹಿಡಿದ ಗುಮಾಸ್ತ ಪಾಪ ಏನು ಮಾಡ್ತಾನೆ? ಅವನಿಗೆ ಒತ್ತಿದರೆ ನಷ್ಟವಿಲ್ಲ, ಒತ್ತದಿದ್ದರೆ ಕೆಲಸಕ್ಕೆ ಕುತ್ತು.

ಅಮೆರಿಕದವರು ಗುಟ್ಟು ಕಾಯೋದರಲ್ಲಿ ನಮಗಿಂತ ಕಡಿಮೆಯೇನಲ್ಲ. ಆದರೂ ಅಲ್ಲಿ 2009ರಲ್ಲಿ ಒಬಾಮ ಹೊರಡಿಸಿದ ಆದೇಶದಲ್ಲಿ (ಅದರ ನಂಬರ್ 13526) ಒಂದು ಮಾತು ಸ್ಪಷ್ಟವಾಗಿದೆ. ಕಾನೂನು ಉಲ್ಲಂಘನೆ, ಅದಕ್ಷತೆ, ಆಡಳಿತದ ತಪ್ಪು ಮುಚ್ಚಿಡೋಕೆ ಅಥವಾ ಮುಜುಗರ ತಪ್ಪಿಸಿಕೊಳ್ಳೋಕೆ ಯಾವ ಕಾಗದವನ್ನೂ ಗೋಪ್ಯ ಮಾಡುವಂತಿಲ್ಲ. ಮೊಹರು ಒತ್ತಿದವನ ಗುರುತು, ಕಾರಣ, ಯಾವಾಗ ಬಿಚ್ಚಬೇಕು ಅನ್ನೋ ದಿನಾಂಕ, ಇಷ್ಟೂ ಕಾಗದದ ಮೇಲೇ ಇರಬೇಕು. ಅವರು ಅದನ್ನ ಪಾಲಿಸ್ತಾರಾ ಅನ್ನೋದು ಬೇರೆ ಪ್ರಶ್ನೆ. ಆದರೆ ಅಲ್ಲಿ ಯಾವುದಕ್ಕೆ ಮೊಹರು ಒತ್ತಬಾರದು ಅಂತ ಬರೆದಿದೆಯೋ, ನಮ್ಮಲ್ಲಿ ಅದಕ್ಕೇ ಒತ್ತಬಹುದು ಅಂತ ಬರೆದಿದೆ.

ಇದೆಲ್ಲದರ ತಾಯಿಬೇರು 1923ರ ಅಧಿಕೃತ ರಹಸ್ಯಗಳ ಕಾಯ್ದೆ. ಬ್ರಿಟಿಷರು ಮಾಡಿದ್ದು. ಅದರಲ್ಲಿ ರಹಸ್ಯ ಅಂದರೆ ಏನು ಅಂತಲೇ ಎಲ್ಲೂ ಹೇಳಿಲ್ಲ! ಮೊಯಿಲಿ ಆಯೋಗ ಈ ಕಾಯ್ದೆಯನ್ನ ರದ್ದು ಮಾಡಿ, ನಿಜವಾಗಿ ಬೇಕಾದ ಕಲಮುಗಳನ್ನ ಮಾತ್ರ ರಾಷ್ಟ್ರೀಯ ಭದ್ರತಾ ಕಾಯ್ದೆಗೆ ಸೇರಿಸಿ ಅಂತ ಹೇಳಿತು. ಸರ್ಕಾರ ಒಪ್ಪಲಿಲ್ಲ. ಮಂತ್ರಿಗಳು ಗೋಪ್ಯತೆಯ ಪ್ರಮಾಣ ತೆಗೆದುಕೊಳ್ಳೋದು ನಿಲ್ಲಿಸಿ ಪಾರದರ್ಶಕತೆಯ ಪ್ರಮಾಣ ತೆಗೆದುಕೊಳ್ಳಲಿ ಅಂತಲೂ ಹೇಳಿತ್ತು. ಅದೂ ಆಗಲಿಲ್ಲ. ಇವತ್ತಿಗೂ ರಾಜಭವನದ ಗಾಜಿನ ಮನೆಯಲ್ಲೋ ವಿಧಾನಸೌಧದ ಮೆಟ್ಟಿಲ ಮೇಲೋ ನಮ್ಮ ಮಂತ್ರಿಗಳು ಅಧಿಕಾರದ ಜೊತೆಗೆ ಗೋಪ್ಯತೆಯ ಪ್ರಮಾಣವಚನವನ್ನೂ ಸ್ವೀಕರಿಸ್ತಾರೆ. ದೇವರ ಹೆಸರಲ್ಲಿ, ರೈತರ ಹೆಸರಲ್ಲಿ, ಕೆಲವರು ತಮ್ಮ ನಾಯಕರ ಹೆಸರಲ್ಲಿ :)

ನಮ್ಮ ಊರಿನ ವಿಷಯಕ್ಕೆ ಬರ್ತೀನಿ. ನಾನಿರೋದು ಸೋಲದೇವನಹಳ್ಳಿಯಲ್ಲಿ. ಹೆಸರಘಟ್ಟ ರಸ್ತೆ, ಚಿಕ್ಕಬಾಣಾವರ ದಾಟಿದ ಮೇಲೆ. ಒಂದು ಕಾಲಕ್ಕೆ ಹೆಸರಘಟ್ಟ ಕೆರೆಯ ನೀರನ್ನ ಬೆಂಗಳೂರಿಗೆ ತಳ್ಳುತ್ತಿದ್ದ ಪಂಪ್‌ಹೌಸ್ ಇದ್ದ ಊರು. ಈಗ ಕಾಲೇಜು, ಪಿ.ಜಿ.ಗಳ ಊರು. ಒಂದಷ್ಟು ದೂರ ಹೋದರೆ ಜಾಲಹಳ್ಳಿಯ ವಾಯುಪಡೆ ನೆಲೆ, ಬಿಇಎಲ್, ಆ ಕಡೆ ಯಲಹಂಕದ ವಾಯುನೆಲೆ. ಗೋಡೆ ಮೇಲೆ 'ಫೋಟೋ ತೆಗೆಯುವುದನ್ನು ನಿಷೇಧಿಸಿದೆ' ಅನ್ನೋ ಬೋರ್ಡು ನೋಡಿಕೊಂಡೇ ಓಡಾಡೋರು ನಾವು. ಆ ಬೋರ್ಡಿನ ಬಗ್ಗೆ ನನ್ನದೇನೂ ತಕರಾರಿಲ್ಲ.

ತಕರಾರಿರೋದು ನಕ್ಷೆಗಳ ಚರಿತ್ರೆ ಬಗ್ಗೆ. ನಮ್ಮ ದೇಶದಲ್ಲಿ ಗಡಿಯ ಮತ್ತು ಕರಾವಳಿಯ ಸರ್ವೆ ಆಫ್ ಇಂಡಿಯಾ ನಕ್ಷೆಗಳು ದಶಕಗಟ್ಟಲೆ ನಿರ್ಬಂಧಿತ ಪಟ್ಟಿಯಲ್ಲಿದ್ದವು. 2005ರಲ್ಲಿ ಗೂಗಲ್ ಅರ್ಥ್ ಬಂತು. ಬಿಟ್ಟಿಯಾಗಿ ಯಾರು ಬೇಕಾದರೂ ಯಾರ ಮನೆಯ ಮಾಳಿಗೆ ಬೇಕಾದರೂ ನೋಡಬಹುದಾಯ್ತು. ಆಗ ರಾಷ್ಟ್ರಪತಿಯಾಗಿದ್ದ ಕಲಾಂ ಅದರ ಬಗ್ಗೆ ಕಳವಳ ವ್ಯಕ್ತಪಡಿಸಿದ್ದು ನಿಮಗೆ ನೆನಪಿರಬಹುದು. ಅದಾದ ಮೇಲೂ ನಮ್ಮ ನಿರ್ಬಂಧ ಹೋಗೋಕೆ ಹದಿನೈದು ವರ್ಷ ಹಿಡೀತು. ಫೆಬ್ರವರಿ 2021ರಲ್ಲಿ ಹೊಸ ಮಾರ್ಗಸೂಚಿ ಬಂದಾಗ, ಹೊರದೇಶದವರಿಗೆ ಸುಲಭವಾಗಿ ಸಿಗೋದನ್ನ ನಮ್ಮವರಿಗೆ ಮಾತ್ರ ನಿರ್ಬಂಧಿಸೋದರಲ್ಲಿ ಅರ್ಥ ಇಲ್ಲ ಅಂತ ಸರ್ಕಾರವೇ ಒಪ್ಪಿಕೊಂಡಿತು. ಒಮ್ಮೆ ಹಾಕಿದ ಬೀಗವನ್ನ ತೆಗೆಯೋದು ಯಾರ ಕೆಲಸವೂ ಅಲ್ಲ ನೋಡಿ. ಹಾಕೋದಕ್ಕೆ ಮಾತ್ರ ಎಲ್ಲರೂ ಇದ್ದಾರೆ.

ಹಾಗಂತ ಕರ್ನಾಟಕ ಸರ್ಕಾರ ಗುಟ್ಟಿನ ಸರ್ಕಾರ ಅಂತ ಒಂದೇ ಮಾತಲ್ಲಿ ಹೇಳಿಬಿಟ್ಟರೆ ಅನ್ಯಾಯವಾಗುತ್ತೆ. ದೇಶಕ್ಕೆಲ್ಲ 2005ರಲ್ಲಿ ಮಾಹಿತಿ ಹಕ್ಕು ಕಾಯ್ದೆ ಬರೋದಕ್ಕೆ ಮುಂಚೆಯೇ, ಎಸ್. ಎಂ. ಕೃಷ್ಣ ಕಾಲದಲ್ಲಿ, 2000ದಲ್ಲೇ ನಮ್ಮಲ್ಲೊಂದು ಮಾಹಿತಿ ಹಕ್ಕು ಕಾಯ್ದೆ ಆಗಿತ್ತು. ಭೂಮಿ ಯೋಜನೆ ಬಂದದ್ದೂ ಅದೇ ಕಾಲಕ್ಕೆ. ಯಾರ ಪಹಣಿಯನ್ನು ಯಾರು ಬೇಕಾದರೂ ತೆಗೆಸಬಹುದು. ಶಾನುಭೋಗರ, ಗ್ರಾಮಲೆಕ್ಕಿಗರ ಕಂಕುಳಲ್ಲಿದ್ದ ಪುಸ್ತಕ ಬಜಾರಿಗೆ ಬಂತು. ಈಗ ದಿಶಾಂಕ್ ಆಪ್ ಹಾಕ್ಕೊಂಡು ಗದ್ದೆ ಬದುವಿನ ಮೇಲೆ ನಿಂತರೆ ಕಾಲ ಕೆಳಗಿನ ಸರ್ವೆ ನಂಬರ್ ಮೊಬೈಲಲ್ಲಿ ಬರುತ್ತೆ. ಇದೇನು ಸಣ್ಣ ಕೆಲಸವಲ್ಲ. ಅದರಲ್ಲೂ ನಮ್ಮ ಕಡೆಯವರಿಗೆ. ಪಕ್ಕದ ಸೋಮಶೆಟ್ಟಿಹಳ್ಳಿ, ಗಾಣಿಗರಹಳ್ಳಿ ಎಲ್ಲ ಸೇರಿ 17 ಹಳ್ಳಿಗಳ 3,546 ಎಕರೆಗೆ ಶಿವರಾಮ ಕಾರಂತ ಬಡಾವಣೆ ಅಂತ ಬಿಡಿಎ 2008ರ ಡಿಸೆಂಬರ್ ಕೊನೆಗೆ ಪ್ರಾಥಮಿಕ ಅಧಿಸೂಚನೆ ಹೊರಡಿಸಿತು, ಅಂತಿಮ ಅಧಿಸೂಚನೆ ಬಂದದ್ದು 2018ರಲ್ಲಿ! ನಡುವಿನ ಹತ್ತು ವರ್ಷ, ಯಾವ ಸರ್ವೆ ನಂಬರ್ ಒಳಗಿದೆ, ಯಾವುದು ಹೊರಗಿದೆ ಅನ್ನೋ ಸುದ್ದಿ ಮೊದಲೇ ಗೊತ್ತಿದ್ದವನಿಗೂ ಗೊತ್ತಿಲ್ಲದವನಿಗೂ ಎಷ್ಟು ವ್ಯತ್ಯಾಸ ಅನ್ನೋದು ಈ ಭಾಗದ ಯಾವ ರೈತನನ್ನು ಕೇಳಿದರೂ ಹೇಳ್ತಾನೆ.

ನನ್ನದೇ ಒಂದು ಅನುಭವ ಇಲ್ಲಿ ಹೇಳಿಬಿಡ್ತೀನಿ. ನಮ್ಮ ಸುತ್ತಲಿನ ಒಂದು ಕೆರೆ ವರ್ಷದಿಂದ ವರ್ಷಕ್ಕೆ ಸಣ್ಣದಾಗ್ತಿದೆ. ಅದರ ಸರ್ವೆ ಆಗಿದೆ, ಒತ್ತುವರಿ ಗುರುತಿಸಿದ್ದಾರೆ ಅಂತ ಸುದ್ದಿ ಬಂತು. ಆ ನಕ್ಷೆ ಮತ್ತು ಒತ್ತುವರಿದಾರರ ಪಟ್ಟಿ ಕೊಡಿ ಅಂತ ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಇಟ್ಟು ಅರ್ಜಿ ಹಾಕಿದೆ. (ಗೊತ್ತಿಲ್ಲದವರಿಗೆ: ಕರ್ನಾಟಕದಲ್ಲಿ ಅರ್ಜಿ ಒಂದೇ ವಿಷಯದ ಮೇಲೆ ಇರಬೇಕು, 150 ಪದ ಮೀರಬಾರದು ಅಂತ 2008ರಲ್ಲಿ ನಿಯಮಕ್ಕೆ ತಿದ್ದುಪಡಿ ಮಾಡಿದ್ದಾರೆ. ನನ್ನಂಥ ಕೊರೆಯೋ ಬ್ಲಾಗರ್‌ಗಳನ್ನ ಮನಸ್ಸಿನಲ್ಲಿಟ್ಟುಕೊಂಡೇ ಮಾಡಿರಬೇಕು!) ಮೂವತ್ತು ದಿನ ಕಾದ ಮೇಲೆ ಉತ್ತರ ಬಂತು. 'ಮೂರನೇ ವ್ಯಕ್ತಿಗೆ ಸಂಬಂಧಿಸಿದ ಮಾಹಿತಿಯಾದ್ದರಿಂದ ನೀಡಲು ಬರುವುದಿಲ್ಲ.' ಮೊದಲನೇ ಮೇಲ್ಮನವಿಯಲ್ಲಿ ನಕ್ಷೆ ಸಿಕ್ಕಿತು, ಪಟ್ಟಿ ಸಿಗಲಿಲ್ಲ. ಎರಡನೇ ಮೇಲ್ಮನವಿ ಸರದಿಯಲ್ಲಿದೆ. ನಮ್ಮ ಬೀದಿಯ ಹಿರಿಯರೊಬ್ಬರಿಗೆ, ಆ ಕೆರೆಯಲ್ಲೇ ಎಮ್ಮೆ ಮೈ ತೊಳೆದು ಬೆಳೆದವರು, ಈ ಕಾಗದ ಓದಿ ಹೇಳಿದೆ. "ಅಲ್ಲಾ ಸಾರ್, ಕೆರೆ ಒಳ್ಗೆ ಏನ್ ಅಣುಬಾಂಬ್ ಮಡಗವ್ರಾ? ಯಾರ್ ಮನೆ ಕಟ್ಕಂಡವ್ರೆ ಅಂತ ನಂಗೇ ಗೊತ್ತಲ್ಲ, ಬರ್ಕೊಳಿ, ನಾ ಏಳ್ತೀನಿ" ಅಂದರು. ಎಂಟು ಹೆಸರು ಹೇಳಿದರು. ಅದು ದಾಖಲೆಯಾಗಲ್ಲ ಅನ್ನೋದೇ ತೊಂದರೆ. ಊರಿಗೆಲ್ಲ ಗೊತ್ತಿರೋದನ್ನ ಕಾಗದದಲ್ಲಿ ಮಾತ್ರ ಗೋಪ್ಯವಾಗಿಟ್ಟರೆ ಕೋರ್ಟಿಗೆ ಹೋಗೋನ ಕೈ ಕಟ್ಟಿದ ಹಾಗೆ.

ಇದು ಸಣ್ಣದಾಯ್ತು. ಈಗ ದೊಡ್ಡದಕ್ಕೆ ಬನ್ನಿ.

2015ರ ಏಪ್ರಿಲ್-ಮೇ ಬಿಸಿಲಲ್ಲಿ ಮೇಷ್ಟ್ರುಗಳು ಫಾರಂ ಹಿಡಿದು ಮನೆ ಮನೆಗೆ ಬಂದದ್ದು ನಿಮ್ಮಲ್ಲಿ ಬಹಳ ಜನಕ್ಕೆ ನೆನಪಿರಬೇಕು. ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ. ಎಲ್ಲರೂ ಕರೆದದ್ದು ಜಾತಿಗಣತಿ ಅಂತ. ಎಚ್. ಕಾಂತರಾಜ ಅವರ ನೇತೃತ್ವದ ಹಿಂದುಳಿದ ವರ್ಗಗಳ ಆಯೋಗ ಮಾಡಿಸಿದ್ದು. ಖರ್ಚು 160 ಕೋಟಿಗೂ ಹೆಚ್ಚು. ಸುಮಾರು 5.98 ಕೋಟಿ ಜನರ ವಿವರ ಬರೆದುಕೊಂಡರು. ಸಮೀಕ್ಷೆ ಸರಿಯಾಗಿತ್ತೋ ಇಲ್ಲವೋ, ನಮ್ಮ ಮನೆಗೆ ಬರಲೇ ಇಲ್ಲ ಅನ್ನೋರ ಮಾತು ಎಷ್ಟು ನಿಜ, ಇದೆಲ್ಲ ಜಗಳ ನನಗಿಲ್ಲಿ ಬೇಡ. ನನ್ನ ಪ್ರಶ್ನೆ ಇಷ್ಟೇ: ನಮ್ಮ ದುಡ್ಡಲ್ಲಿ, ನಮ್ಮನ್ನೇ ಕೇಳಿ ಬರೆದುಕೊಂಡದ್ದರ ಮೊತ್ತವನ್ನ ನಮಗೇ ಹೇಳದೆ ಎಷ್ಟು ವರ್ಷ ಇಡಬಹುದು?

ಹತ್ತು ವರ್ಷ ಇಡಬಹುದು ಅಂತ ಈಗ ಗೊತ್ತಾಗಿದೆ. 2018ರ ಚುನಾವಣೆ ಹೊತ್ತಿಗೆ ಒಂದಷ್ಟು ಅಂಕಿ ಸೋರಿ ಪತ್ರಿಕೆಗಳಲ್ಲಿ ಬಂತು. ಸರ್ಕಾರ ಅದು ನಮ್ಮದಲ್ಲ ಅಂತು, ಹಾಗಾದರೆ ನಿಮ್ಮದು ಯಾವುದು ಅಂದರೆ ಸುಮ್ಮನಾಯ್ತು. ಸಿದ್ದರಾಮಯ್ಯ ಹೋಗಿ ಕುಮಾರಸ್ವಾಮಿ, ಯಡಿಯೂರಪ್ಪ, ಬೊಮ್ಮಾಯಿ ಬಂದು ಹೋದರು. ಮೂರು ಪಕ್ಷಗಳೂ ಅಧಿಕಾರದಲ್ಲಿದ್ದವು, ಗುಟ್ಟು ಕಾಯೋದರಲ್ಲಿ ಮಾತ್ರ ಮೂವರಲ್ಲೂ ಭಿನ್ನಾಭಿಪ್ರಾಯ ಇರಲಿಲ್ಲ! ಕೊನೆಗೆ 29 ಫೆಬ್ರವರಿ 2024ರಂದು ಜಯಪ್ರಕಾಶ್ ಹೆಗ್ಡೆ ಅವರು ವರದಿ ಒಪ್ಪಿಸಿದರು. ಆಮೇಲೂ ಒಂದು ವರ್ಷ ಲಕೋಟೆ ತೆಗೆಯಲಿಲ್ಲ. 11 ಏಪ್ರಿಲ್ 2025ರಂದು ಸಂಪುಟ ಸಭೆಯಲ್ಲಿ ತೆಗೆದರು. ಎರಡು ತಿಂಗಳಲ್ಲಿ, ಅಂಕಿ ಹಳೆಯದಾಗಿದೆ, ಹೊಸದಾಗಿ ಸಮೀಕ್ಷೆ ಮಾಡೋಣ ಅಂತ ತೀರ್ಮಾನ ಆಯ್ತು. ಹಳೆಯದಾಗಿದ್ದು ಯಾಕೆ ಸ್ವಾಮಿ? ಇಟ್ಟುಕೊಂಡು ಕೂತಿದ್ದಕ್ಕೆ ತಾನೇ? ಮೊಸರು ಹುಳಿಯಾಗೋವರೆಗೂ ಮುಚ್ಚಿಟ್ಟು, ಹುಳಿಯಾಗಿದೆ ಅಂತ ಚೆಲ್ಲಿದ ಹಾಗಾಯ್ತು.

ಈ ಹತ್ತು ವರ್ಷದಲ್ಲಿ ಯಾರೂ ಆ ವರದಿ ಮೇಲೆ ಗೋಪ್ಯ ಅಂತ ಮೊಹರು ಒತ್ತಬೇಕಾಗಿರಲಿಲ್ಲ ಅನ್ನೋದನ್ನ ಗಮನಿಸಿ. ಮಾಹಿತಿ ಹಕ್ಕು ಕಾಯ್ದೆಯ 8ನೇ ಕಲಮಿನಲ್ಲಿ ವಿನಾಯಿತಿಗಳ ಪಟ್ಟಿ ಇದೆಯಲ್ಲ, ಅದರಲ್ಲಿ ಸಂಪುಟದ ಕಾಗದಪತ್ರಗಳೂ ಒಂದು. ಸಂಪುಟ ತೀರ್ಮಾನ ತೆಗೆದುಕೊಂಡು ವಿಷಯ ಮುಗಿದ ಮೇಲೆ ತೀರ್ಮಾನವನ್ನೂ ಅದಕ್ಕೆ ಆಧಾರವಾದ ಕಾಗದವನ್ನೂ ಬಹಿರಂಗ ಮಾಡಬೇಕು ಅಂತ ಕಾಯ್ದೆಯೇ ಹೇಳುತ್ತೆ. ಒಳ್ಳೇದೇ. ಆದರೆ ತೀರ್ಮಾನವನ್ನೇ ತೆಗೆದುಕೊಳ್ಳದಿದ್ದರೆ? ಮುಂದಿನ ಸಭೆಗೆ, ಉಪಸಮಿತಿಗೆ, ಮತ್ತೆ ಮುಂದಿನ ಸಭೆಗೆ ಅಂತ ತಳ್ಳುತ್ತಾ ಹೋದರೆ ವಿಷಯ ಎಂದೂ 'ಮುಗಿಯೋದೇ' ಇಲ್ಲ. ಹಾಗೇ ಸದನದಲ್ಲಿ ಮಂಡಿಸದ ವರದಿ ಹೊರಗೆ ಕೊಟ್ಟರೆ ಸದನದ ಹಕ್ಕುಚ್ಯುತಿ ಅಂತ ಇನ್ನೊಂದು ವಿನಾಯಿತಿ ಇದೆ. ಮಂಡಿಸೋದು ಯಾರ ಕೈಯಲ್ಲಿದೆ? ಅದೇ ಸರ್ಕಾರದ ಕೈಯಲ್ಲಿ. ಪರಿಶಿಷ್ಟ ಜಾತಿಗಳ ಒಳಮೀಸಲಾತಿ ಬಗ್ಗೆ ನ್ಯಾಯಮೂರ್ತಿ ಎ. ಜೆ. ಸದಾಶಿವ ಆಯೋಗ ಜೂನ್ 2012ರಲ್ಲಿ ವರದಿ ಕೊಟ್ಟಿತು. ಅದನ್ನ ಬಹಿರಂಗ ಮಾಡಿ ಅಂತ ವರ್ಷಗಟ್ಟಲೆ ಜನ ಬೀದಿಯಲ್ಲಿ ಕೂತರು, ತಮಟೆ ಹೊಡೆದುಕೊಂಡು ಪಾದಯಾತ್ರೆ ಮಾಡಿದರು. ಯಾವ ಗೂಢಚಾರ ಕಾಯ್ದೆಯೂ ಬೇಕಾಗಲಿಲ್ಲ ಅದನ್ನ ಮುಚ್ಚಿಡೋಕೆ. ಸುಮ್ಮನೆ ಮಂಡಿಸದೇ ಇದ್ದರೆ ಸಾಕಾಯ್ತು.

ಬಹಿರಂಗ ಮಾಡಿದರೆ ಗಲಾಟೆ ಆಗುತ್ತೆ, ಅದಕ್ಕೇ ಇಟ್ಟುಕೊಂಡರು ಅಂತ ನನ್ನ ಗೆಳೆಯರೊಬ್ಬರು ವಾದ ಮಾಡ್ತಾರೆ. ವಾದದಲ್ಲಿ ಹುರುಳಿದೆ. 1986ರಲ್ಲಿ ವೆಂಕಟಸ್ವಾಮಿ ಆಯೋಗದ ವರದಿ ಬಂದಾಗ ಆದ ಗಲಾಟೆಗೆ ರಾಮಕೃಷ್ಣ ಹೆಗಡೆ ಸರ್ಕಾರ ಅದನ್ನ ಕೈಬಿಟ್ಟಿತು. ಆದರೆ ಅದಕ್ಕೂ ಹಿಂದೆ, 1975ರಲ್ಲಿ ಹಾವನೂರು ವರದಿ ಬಂದಾಗಲೂ ಗಲಾಟೆ ಆಗಿತ್ತು. ಅರಸು ಅದನ್ನಿಟ್ಟುಕೊಂಡು 1977ರಲ್ಲಿ ಮೀಸಲಾತಿ ಆದೇಶ ಮಾಡಿದರು, ಜನ ಕೋರ್ಟಿಗೆ ಹೋದರು, ಜಗಳವಾಡಿದರು. ಅಂಕಿ ಎದುರಿಗಿತ್ತು, ತಪ್ಪಿದ್ದರೆ ತಪ್ಪು ಅಂತ ತೋರಿಸೋಕೆ ಆಗ್ತಿತ್ತು. ಮುಚ್ಚಿಟ್ಟ ಅಂಕಿಯ ಜೊತೆ ಜಗಳ ಆಡೋದು ಹೇಗೆ? 2018ರ ಸೋರಿಕೆಯ ಅಂಕಿ ಹಿಡಿದು ಪ್ರತಿ ಜಾತಿಯವರೂ ನಮ್ಮನ್ನ ಕಡಿಮೆ ತೋರಿಸಿದ್ದಾರೆ ಅಂತ ಬೈಕೊಂಡರು. ಗಲಾಟೆಯೇನೂ ತಪ್ಪಲಿಲ್ಲವಲ್ಲ.

ಹಾಗಾದರೆ ಗುಟ್ಟಾಗಿ ಇಡಬೇಕಾದ್ದೇ ಏನೂ ಇಲ್ಲವಾ? ಇದೆ. ಅದೇ ಜಾತಿ ಸಮೀಕ್ಷೆಯಲ್ಲೇ ಇದೆ. 22 ಸೆಪ್ಟೆಂಬರ್ 2025ರಿಂದ ಹೊಸ ಸಮೀಕ್ಷೆ ಶುರುವಾದಾಗ ಹೈಕೋರ್ಟಿಗೆ ಹೋದರು. ಕೋರ್ಟು ಸಮೀಕ್ಷೆಗೆ ತಡೆ ಕೊಡಲಿಲ್ಲ. ಆದರೆ ಮಾಹಿತಿ ಕೊಡೋದು ಜನರ ಇಷ್ಟ, ಕೊಟ್ಟ ಮಾಹಿತಿಯನ್ನ ಯಾರಿಗೂ ಬಿಟ್ಟುಕೊಡಬಾರದು ಅಂತ ಹೇಳಿತು. ಸರಿಯಾದ ಮಾತು. ನಮ್ಮ ಮನೆಯ ಸಾಲ ಎಷ್ಟು, ನಾವು ಯಾವ ಜಾತಿ ಬರೆಸಿದೆವು ಅನ್ನೋದು ಪಕ್ಕದ ಮನೆಯವನಿಗೆ ಬೇಡ. ಆದರೆ ನಮ್ಮಂಥವರು ರಾಜ್ಯದಲ್ಲಿ ಎಷ್ಟು ಜನ, ಅವರಲ್ಲಿ ಎಷ್ಟು ಮನೆಗೆ ಶೌಚಾಲಯ ಇಲ್ಲ ಅನ್ನೋ ಮೊತ್ತ ಎಲ್ಲರಿಗೂ ಬೇಕು. ಒಬ್ಬನನ್ನ ಕಾಪಾಡೋ ಗುಟ್ಟು ಬೇರೆ, ಸರ್ಕಾರವನ್ನ ಕಾಪಾಡೋ ಗುಟ್ಟು ಬೇರೆ. ನಮ್ಮಲ್ಲಿ ಎರಡನೆಯದಕ್ಕೆ ಮೊದಲನೆಯದರ ಅಂಗಿ ತೊಡಿಸಿ ಕಳಿಸ್ತಾರೆ.

ಚಿನ್ನಸ್ವಾಮಿ ಕ್ರೀಡಾಂಗಣದ ಕಾಲ್ತುಳಿತದಲ್ಲಿ ಆದದ್ದೂ ಹೆಚ್ಚುಕಮ್ಮಿ ಇದೇ. 4 ಜೂನ್ 2025, ಹನ್ನೊಂದು ಜನ ಸತ್ತರು. ಹೈಕೋರ್ಟು ತಾನಾಗಿಯೇ ಕೇಸು ತೆಗೆದುಕೊಂಡು ಸರ್ಕಾರವನ್ನ ವರದಿ ಕೇಳಿತು. ಸರ್ಕಾರ ಮುಚ್ಚಿದ ಲಕೋಟೆಯಲ್ಲಿ ಕೊಟ್ಟಿತು, ಬಹಿರಂಗ ಮಾಡಿದರೆ ನಡೆಯುತ್ತಿರೋ ವಿಚಾರಣೆಗಳ ಮೇಲೆ ಪರಿಣಾಮ ಆಗುತ್ತೆ ಅಂತ ಕೇಳಿಕೊಂಡಿತು. ಜುಲೈನಲ್ಲಿ ಕೋರ್ಟು ಒಪ್ಪಲಿಲ್ಲ. ಮುಚ್ಚಿದ ಲಕೋಟೆ ಇರೋದು ದೇಶದ ಭದ್ರತೆ, ಸಾರ್ವಜನಿಕ ಹಿತ, ಖಾಸಗಿತನ ಇಂಥದ್ದಕ್ಕೆ, ಇಲ್ಲಿ ಅದ್ಯಾವುದೂ ಇಲ್ಲ ಅಂತ ಹೇಳಿ ವರದಿಯನ್ನ ಎಲ್ಲ ಕಕ್ಷಿದಾರರಿಗೂ ಕೊಡಿಸಿತು. ಕೆಲವೇ ದಿನದಲ್ಲಿ ಅದರಲ್ಲಿದ್ದದ್ದು ಪೇಪರಲ್ಲೆಲ್ಲ ಬಂತು. ಪ್ರಪಂಚ ಮುಳುಗಲಿಲ್ಲ. ಮಕ್ಕಳನ್ನ ಕಳಕೊಂಡ ಅಪ್ಪ ಅಮ್ಮಂದಿರಿಗೆ ಯಾರು ಯಾವಾಗ ಅನುಮತಿ ಕೇಳಿದರು, ಯಾರು ಏನು ಹೇಳಿದರು ಅನ್ನೋದರ ಒಂದು ಕಡೆಯ ಕಥೆಯಾದರೂ ಓದೋಕೆ ಸಿಕ್ಕಿತು.

ಅಂದರೆ ಕೊನೆಗೆ ತೀರ್ಮಾನ ಮಾಡೋರು ಯಾರು? ಮೊಹರು ಒತ್ತಿದವನೇ ಸರಿಯೋ ತಪ್ಪೋ ಹೇಳೋ ಹಾಗಿದ್ದರೆ ಯಾವತ್ತೂ ಸರಿಯೇ. 1975ರಲ್ಲಿ ರಾಜ್ ನಾರಾಯಣ್ ಕೇಸಿನಲ್ಲಿ (ಪ್ರಧಾನಿಯ ಪ್ರವಾಸದ ಭದ್ರತೆಯ 'ಬ್ಲೂ ಬುಕ್' ಕೋರ್ಟಿಗೆ ತರಿಸಬಹುದೇ ಅನ್ನೋ ಜಗಳ) ಸುಪ್ರೀಂ ಕೋರ್ಟು, ಸರ್ಕಾರ ಗೋಪ್ಯ ಅಂದ ಮಾತ್ರಕ್ಕೆ ಆಗಲಿಲ್ಲ, ಕಾಗದ ತರಿಸಿ ನೋಡೋ ಅಧಿಕಾರ ತನಗಿದೆ ಅಂತ ಹೇಳಿತು. ಐವತ್ತು ವರ್ಷದಿಂದ ನಿಯಮ ಇದೇ. ಆದರೆ ಕೋರ್ಟಿನವರೆಗೆ ಹೋಗೋಕೆ ನಮ್ಮ ಬೀದಿಯ ಹಿರಿಯರಿಗೆ ಶಕ್ತಿ ಎಲ್ಲಿದೆ? ಹತ್ತು ರೂಪಾಯಿಯ ಅರ್ಜಿ ಬೇಕಾಗಿರೋದೇ ಅದಕ್ಕೆ.

ಆ ಹತ್ತು ರೂಪಾಯಿಗೂ ಈಗ ಕಲ್ಲು ಬಿದ್ದಿದೆ. ವೈಯಕ್ತಿಕ ಮಾಹಿತಿಯನ್ನ ಯಾವಾಗ ಕೊಡಬಹುದು, ಯಾವಾಗ ಕೊಡಬಾರದು ಅಂತ 8(1)(ಜೆ) ಕಲಮಿನಲ್ಲಿ ವಿವರವಾಗಿತ್ತು. ಸಾರ್ವಜನಿಕ ಕೆಲಸಕ್ಕೆ ಸಂಬಂಧವೇ ಇಲ್ಲದ್ದು, ಸುಮ್ಮನೆ ಒಬ್ಬರ ಖಾಸಗಿತನಕ್ಕೆ ಕೈಹಾಕುವಂಥದ್ದು ಮಾತ್ರ ಕೊಡಬೇಕಿಲ್ಲ ಅಂತಿತ್ತು. ಶಾಸನಸಭೆಗೆ ನಿರಾಕರಿಸಲಾಗದ್ದನ್ನ ಯಾವ ಪ್ರಜೆಗೂ ನಿರಾಕರಿಸಬಾರದು ಅನ್ನೋ ಚೆಂದದ ಸಾಲೂ ಇತ್ತು. 2023ರ ದತ್ತಾಂಶ ರಕ್ಷಣೆ ಕಾಯ್ದೆಯಲ್ಲಿ ಅದೆಲ್ಲವನ್ನೂ ತೆಗೆದು 'ವೈಯಕ್ತಿಕ ಮಾಹಿತಿ' ಅಂತ ಒಂದೇ ಮಾತಿಗೆ ಇಳಿಸಿದರು, ನವೆಂಬರ್ 2025ರಲ್ಲಿ ಜಾರಿಗೂ ತಂದರು. 8(2)ರಲ್ಲಿ ಸಾರ್ವಜನಿಕ ಹಿತ ಹೆಚ್ಚು ಅನ್ನಿಸಿದರೆ ಕೊಡಬಹುದು ಅಂತ ಇನ್ನೂ ಇದೆ. ಅನ್ನಿಸಬೇಕಾದ್ದು ಯಾರಿಗೆ? ಮೇಜಿನ ಆ ಕಡೆ ಕೂತವರಿಗೆ. ಕೆರೆ ನುಂಗಿದವನ ಹೆಸರು ವೈಯಕ್ತಿಕ ಮಾಹಿತಿಯಾಗುತ್ತಾ ಅಂತ ನನ್ನ ಎರಡನೇ ಮೇಲ್ಮನವಿ ಬಂದಾಗ ಗೊತ್ತಾಗುತ್ತೆ.

ನಿಮ್ಮಲ್ಲಿ ಯಾರಾದರೂ ನಿಮ್ಮ ಊರಿನ ಕೆರೆ, ಗೋಮಾಳ, ಶಾಲೆ ಜಾಗದ ಬಗ್ಗೆ ಅರ್ಜಿ ಹಾಕಿ 'ಬರುವುದಿಲ್ಲ' ಅನ್ನೋ ಕಾಗದ ಪಡೆದಿದ್ದರೆ, ಯಾವ ಕಲಮು ತೋರಿಸಿದರು ಅಂತ ಕಮೆಂಟಲ್ಲಿ ಬರೀರಿ. ಊರು, ಇಸವಿ, ಕಲಮು, ಇಷ್ಟು ಸಾಕು. ಒಂದಿಪ್ಪತ್ತು ಸೇರಿದರೆ ಪಟ್ಟಿ ಮಾಡಿ ಇಲ್ಲೇ ಹಾಕ್ತೀನಿ. ನಿಮ್ಮ ಹೆಸರು ಬೇಡ ಅಂದರೆ ಅದನ್ನ ಗೋಪ್ಯವಾಗಿಡ್ತೀನಿ :-)